ಸೂಜಿಮದ್ದಿನ ಭಯ



ನಿಮ್ಮೂರಿಗೆ ಪಶುವೈದ್ಯರು ಬಂದು ಗಳಲೆ ರೋಗಕ್ಕೋ ಚಪ್ಪೆ ರೋಗಕ್ಕೋ ಚುಚ್ಚುಮದ್ದು ಹಾಕುವ ದಿನವನ್ನು ಸ್ವಲ್ಪ ನೆನೆಯಿರಿ. ಬಲ್ಲ ರೈತ ತನ್ನ ಎತ್ತನ್ನು ಹೇಗೆ ಹಿಡಿದಿರುತ್ತಾನೆ? ಒಂದು ಕೈಯಲ್ಲಿ ಮೂಗುದಾರ, ಇನ್ನೊಂದು ಕೈಯಿಂದ ಗಂಗೆದೊಗಲು ಸವರುತ್ತಾ, ಮೆಲ್ಲಗೆ ಮಾತಾಡಿಸುತ್ತಾ ನಿಂತಿರುತ್ತಾನೆ. ಎತ್ತು ಒಮ್ಮೆ ಬಾಲ ಬೀಸಿ ಸುಮ್ಮನಾಗುತ್ತದೆ. ಪಕ್ಕದಲ್ಲೇ ಇನ್ನೊಬ್ಬ ಕೂಗಾಡಿ, ಬಾರುಕೋಲಿನಿಂದ ಬಾರಿಸಿ, ನಾಲ್ವರಿಂದ ಅದುಮಿ ಹಿಡಿಸುತ್ತಾನೆ. ಅವನ ಎತ್ತು ಮುಂದಿನ ವರ್ಷ ವೈದ್ಯರ ಚೀಲ ಕಂಡರೇ ಗೂಟ ಕಿತ್ತು ಓಡುತ್ತದೆ.

ಎತ್ತಿನ ಮೇಲೆ ತೋರಿಸುವ ಈ ಜಾಣ್ಮೆಯನ್ನು ನಾವು ಮಕ್ಕಳ ಮೇಲೆ ತೋರಿಸುವುದು ಕಡಿಮೆ. "ಊಟ ಮಾಡ್ತೀಯೋ, ಇಲ್ಲಾ ನರ್ಸಮ್ಮನ್ನ ಕರೆಸಿ ಸೂಜಿ ಚುಚ್ಚಿಸ್ಲೋ?" ಎಂದು ವರ್ಷವಿಡೀ ಹೆದರಿಸುತ್ತೇವೆ. ಚುಚ್ಚುವ ದಿನ ಬಂದಾಗ ಮಾತ್ರ "ನೋವೇ ಆಗಲ್ಲ ಕಂದ" ಎನ್ನುತ್ತೇವೆ. ಸೂಜಿ ತಾಗಿದ ಕೂಡಲೇ ಅದು ಸುಳ್ಳೆಂದು ಮಗುವಿಗೆ ಗೊತ್ತಾಗುತ್ತದೆ. ಆಮೇಲೆ ನಮ್ಮ ಮಾತನ್ನು ನಂಬುವವರು ಯಾರು? "ಒಂದು ಗಳಿಗೆ ಚುರುಕ್ ಅನ್ನುತ್ತೆ, ನಾನು ಹಿಡ್ಕೊಂಡಿರ್ತೀನಿ" ಎಂದರೆ ಸಾಕು.

ಬಾಲ್ಯದ ಈ ಭಯ ದೊಡ್ಡವರಾದ ಮೇಲೂ ಬಿಡದಿರುವುದುಂಟು. ಕುಡುಗೋಲು ತಾಗಿಯೋ, ಗೊಬ್ಬರದ ಗುಂಡಿಯಲ್ಲಿ ಮೊಳೆ ಚುಚ್ಚಿಯೋ ಗಾಯವಾದರೆ ಧನುರ್ವಾಯುವಿನ ಸೂಜಿಗೆ ಹೆದರಿ ಅರಿಶಿನ ಮೆತ್ತಿಕೊಂಡು ಕೂರುವ ಗಂಡಸರನ್ನು ನೀವೂ ನೋಡಿದ್ದೀರಿ. ಅದಕ್ಕಿಂತ ಘೋರವಾದದ್ದು ಹುಚ್ಚುನಾಯಿ ಕಡಿತದ ವಿಷಯ. "ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ" ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಆ ಮಾತು ಒಂದು ಕಾಲಕ್ಕೆ ನಿಜವೇ ಆಗಿತ್ತು. ೧೯೧೧ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ಸಿದ್ಧಪಡಿಸಿದ ಆ ಮದ್ದು ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ಹಾಕಬೇಕಾದ ಪ್ರಮಾಣ ಹೆಚ್ಚು. ಅಷ್ಟನ್ನು ಹಿಡಿಸಲು ಹೊಟ್ಟೆಯ ಸಡಿಲ ಚರ್ಮವೇ ಬೇಕಾಗಿತ್ತು. ನಮ್ಮ ದೇಶದಲ್ಲಿ ಆ ಮದ್ದನ್ನು ೨೦೦೪ರ ಕೊನೆಗೆ ನಿಲ್ಲಿಸಿಬಿಟ್ಟರು. ಈಗಿನ ಮದ್ದು ರಟ್ಟೆಗೆ. ಹೆಚ್ಚಾಗಿ ನಾಲ್ಕೈದು ಸಲ ಆಸ್ಪತ್ರೆಗೆ ಹೋಗಿಬಂದರೆ ಮುಗಿಯಿತು. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಸೀರಂ ಹಾಕುತ್ತಾರೆ. ಅದು ನೋಯುತ್ತದೆ, ಇಲ್ಲವೆನ್ನಲಾರೆ. ಆದರೆ ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಬಹಳ ಅಪರೂಪ. ನಾಯಿ ಕಚ್ಚಿದ ಕೂಡಲೆ ಗಾಯವನ್ನು ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ ೧೫ ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ ಬೇಡ. ಅದೇ ದಿನ ಆಸ್ಪತ್ರೆಗೆ ಹೊರಡಿ.

ಇನ್ನು ನೋವಿನ ಮಾತು. ಹಿಂದೆ ಗಾಜಿನ ಪಿಚಕಾರಿಯನ್ನೂ ಸೂಜಿಯನ್ನೂ ಕುದಿಸಿ ಕುದಿಸಿ ಮತ್ತೆ ಬಳಸುತ್ತಿದ್ದರು. ಮೊಂಡಾದ ಸೂಜಿ ನೋಯದೆ ಇನ್ನೇನು? ಈಗ ಒಬ್ಬರಿಗೊಂದೇ ಸೂಜಿ. ನಿಮ್ಮೆದುರೇ ಹೊಸ ಪೊಟ್ಟಣ ಒಡೆಯಿರೆಂದು ಕೇಳಲು ಸಂಕೋಚ ಬೇಡ. ಉಳಿದ ನೋವಿನಲ್ಲಿ ಒಂದಿಷ್ಟು ನಮ್ಮ ಕೈಯಲ್ಲೇ ಇದೆ. ಬಿಗಿಹಿಡಿದ ಸ್ನಾಯುವಿಗೆ ಚುಚ್ಚಿದರೆ ಹೆಚ್ಚು ನೋಯುತ್ತದೆ. ರಟ್ಟೆಗೆ ಹಾಕುವಾಗ ತೋಳನ್ನು ಸಡಿಲಬಿಟ್ಟು ಕೈಯನ್ನು ತೊಡೆಯ ಮೇಲಿಡಿ. ಪಿರ್ರೆಗೆ ಹಾಕುವುದಾದರೆ ಮಲಗಿ, ಕಾಲ್ಬೆರಳುಗಳನ್ನು ಒಳಮುಖ ಮಾಡಿದರೆ ಅಲ್ಲಿನ ಮಾಂಸ ತಾನಾಗಿ ಸಡಿಲವಾಗುತ್ತದೆ. ಸ್ಪಿರಿಟ್ ಸವರಿದ್ದರೆ ಅದು ಆರುವ ತನಕ ತಾಳಿ. ಹಸಿಯಿರುವಾಗ ಚುಚ್ಚಿದರೆ ಉರಿಯುತ್ತದೆ. ಸೂಜಿ ನೋಡಬೇಕೆನ್ನಿಸಿದರೆ ನೋಡಿ, ಬೇಡವೆನ್ನಿಸಿದರೆ ಮುಖ ತಿರುಗಿಸಿ ಉದ್ದನೆಯ ಉಸಿರು ಬಿಡಿ.

ಎಳೆಗೂಸುಗಳಿಗೆ ತಾಯಿಯ ಹಾಲಿಗಿಂತ ಮಿಗಿಲಾದ ಉಪಾಯವಿಲ್ಲ. ಆರು, ಹತ್ತು, ಹದಿನಾಲ್ಕು ವಾರಗಳ ಸೂಜಿ ಹಾಕಿಸುವಾಗ ಮೊದಲೇ ಮೊಲೆಗೆ ಹಾಕಿಕೊಂಡು, ಕೂಸು ಚೆನ್ನಾಗಿ ಚೀಪುತ್ತಿರುವಂತೆಯೇ ತೊಡೆಗೆ ಚುಚ್ಚಿಸಿ. ವಿಶ್ವ ಆರೋಗ್ಯ ಸಂಸ್ಥೆಯೂ ೨೦೧೫ರಲ್ಲಿ ಇದನ್ನೇ ಹೇಳಿತು. ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ! ಮೂರು ವರ್ಷ ದಾಟಿದ ಮಗುವನ್ನು ಅಂಗಾತ ಕೆಡವಿ ಅದುಮಬೇಡಿ. ತೊಡೆಯ ಮೇಲೆ ನೆಟ್ಟಗೆ ಕೂರಿಸಿ ತಬ್ಬಿಕೊಳ್ಳಿ. ಕರು ಈದದ್ದರ ಮಾತೋ, ಜಾತ್ರೆಯ ಮಾತೋ ತೆಗೆಯಿರಿ, ಗಿಲಕಿ ಅಲ್ಲಾಡಿಸಿ. ಎರಡು ಮೂರು ಸೂಜಿಗಳಿದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕಿ ಎಂದು ನರ್ಸಮ್ಮನನ್ನು ಕೇಳಬಹುದು. ಚುಚ್ಚಿದ ಜಾಗವನ್ನು ಉಜ್ಜಬೇಡಿ, ಶಾಖ ಕೊಡಬೇಡಿ. ಊದಿಕೊಂಡರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಇಡಿ. ಹುಟ್ಟಿದಾಗ ಎಡ ರಟ್ಟೆಗೆ ಹಾಕಿಸಿದ ಬಿ.ಸಿ.ಜಿ. ಕೆಲವು ವಾರಗಳಾದ ಮೇಲೆ ಸಣ್ಣ ಗುಳ್ಳೆಯಾಗಿ, ಒಡೆದು, ಕಲೆ ಉಳಿಯುವುದು ಸಹಜ. ಅದಕ್ಕೆ ಏನನ್ನೂ ಹಚ್ಚಬೇಕಾಗಿಲ್ಲ.

ಕೆಲವರು ಸೂಜಿ ಕಂಡರೆ, ರಕ್ತ ಕಂಡರೆ ಬವಳಿ ಬಂದು ಬೀಳುತ್ತಾರೆ. ಊರವರು ನಗುತ್ತಾರೆ, ನಗಬಾರದು. ಆಗ ರಕ್ತದ ಒತ್ತಡ ದಿಢೀರನೆ ಇಳಿಯುತ್ತದೆ, ಮಿದುಳಿಗೆ ರಕ್ತ ಸಾಲದು. ಮೂಟೆ ಹೊರುವ ಜಟ್ಟಿಯಾದರೂ ಬೀಳುವನೇ. ಸ್ವೀಡನ್ ದೇಶದ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ ೧೯೮೦ರ ದಶಕದಲ್ಲಿ ಇದಕ್ಕೊಂದು ಅಭ್ಯಾಸ ರೂಪಿಸಿದರು. ಕುಳಿತಲ್ಲೇ ಕಾಲು, ತೊಡೆ, ಹೊಟ್ಟೆಗಳನ್ನು ಬಿಗಿಹಿಡಿದು, ಮುಖ ಬಿಸಿಯಾದಂತೆನ್ನಿಸುವ ತನಕ, ಅಂದರೆ ೧೦-೧೫ ಸೆಕೆಂಡು ಹಾಗೇ ಇದ್ದು ಸಡಿಲಬಿಡುವುದು. ಅರ್ಧ ನಿಮಿಷ ಸುಧಾರಿಸಿ ಮತ್ತೆ ಬಿಗಿಯುವುದು. ಹೀಗೆ ನಾಲ್ಕೈದು ಸಲ. ಒತ್ತಡ ಏರುತ್ತದೆ, ಬವಳಿ ತಪ್ಪುತ್ತದೆ. ಚುಚ್ಚುವ ತೋಳು ಮಾತ್ರ ಸಡಿಲವಾಗಿರಲಿ. ಇಂಥವರು ಮೊದಲೇ ತಿಳಿಸಿ, ಮಲಗಿಯೇ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಇದಕ್ಕೆ ತೀರ ಎದುರಿನವರೂ ಇದ್ದಾರೆ. ನೆಗಡಿಯಾದರೂ "ಒಂದು ಸೂಜಿ ಹಾಕ್ಬಿಡಿ ಸ್ವಾಮಿ" ಎನ್ನುವವರು. ಗುಳಿಗೆಯಲ್ಲಿ ಹೋಗುವ ಕಾಯಿಲೆಗೆ ಸೂಜಿ ಏಕೆ?

ಲಸಿಕೆ ಹಾಕುವ ದಿನ ಯಾವುದೆಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ. ತಾಯಿ ಕಾರ್ಡು ಮರೆಯಬೇಡಿ. ಮಗುವಿಗೆ ಸಡಿಲ ತೋಳಿನ ಅಂಗಿ ಹಾಕಿ, ಅದಕ್ಕಿಷ್ಟವಾದ ಆಟದ ಸಾಮಾನೊಂದನ್ನು ಜೊತೆಗಿಟ್ಟುಕೊಳ್ಳಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿದ್ದು, ಜ್ವರ ಬಂದರೆ ಏನು ಮಾಡಬೇಕೆಂದು ಕೇಳಿಕೊಂಡು ಮನೆಗೆ ಹೊರಡಿ.