ನಗಿಸಲು ಬಾರದ ಬ್ಯಾಂಜೋ

ಅಮೆರಿಕದ ನ್ಯಾಶ್‌ವಿಲ್ ನಗರದ ಒಂದು ರೇಡಿಯೋ ಕೇಂದ್ರದಿಂದ ಶನಿವಾರ ರಾತ್ರಿಗಳಲ್ಲಿ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಸಂಗೀತ ಕಾರ್ಯಕ್ರಮ ಬರುತ್ತದೆ. 1925ರಲ್ಲಿ ಶುರುವಾದದ್ದು, ಇವತ್ತಿಗೂ ನಡೆದಿದೆ. ಬ್ಲೂಗ್ರಾಸ್ ಸಂಗೀತ ಮನೆಮನೆ ತಲುಪಿದ್ದು ಮುಖ್ಯವಾಗಿ ಇದರಿಂದಲೇ. ಮೊದಲ ಸಲ ಬ್ಲೂಗ್ರಾಸ್ ಕೇಳಿದವರು ಇದು ಯಾವುದೋ ಕಾಲದ ಗುಡ್ಡಗಾಡಿನ ಹಾಡು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಇದು ವಯಸ್ಸಿನಲ್ಲಿ ರೇಡಿಯೋಗಿಂತ ಚಿಕ್ಕದು.

ಇದನ್ನು ಕಟ್ಟಿದವರು ಕೆಂಟಕಿಯ ರೋಜಿನ್ ಹಳ್ಳಿಯ ಬಿಲ್ ಮನ್ರೋ. ಮ್ಯಾಂಡೊಲಿನ್ ವಾದಕರು. ಸೋದರಮಾವನ ಪಿಟೀಲು, ಚರ್ಚಿನ ಹಾಡುಗಾರಿಕೆ, ಆರ್ನಲ್ಡ್ ಶುಲ್ಟ್ಸ್ ಎಂಬ ಕರಿಯ ಗಿಟಾರ್ ವಾದಕನ ಬ್ಲೂಸ್ ಎಲ್ಲವೂ ಅವರ ಕಿವಿಯಲ್ಲಿದ್ದವು. 1939ರಲ್ಲಿ ತಂಡದೊಂದಿಗೆ ಆಪ್ರಿಗೆ ಬಂದರು. ಆದರೂ ನಾವಿಂದು ಬ್ಲೂಗ್ರಾಸ್ ಎನ್ನುವ ನಾದ ಆಗಿನ್ನೂ ಹುಟ್ಟಿರಲಿಲ್ಲ. ಬ್ಯಾಂಜೋ ಬಾಕಿಯಿತ್ತು.

ನಮ್ಮ ಕಡೆ ಗುಂಡಿ ಒತ್ತಿ ನುಡಿಸುತ್ತಾರಲ್ಲ, ಆ ಬ್ಯಾಂಜೋ ಅಲ್ಲ ಇದು. ಚರ್ಮ ಬಿಗಿದ ದುಂಡನೆಯ ಮೈ, ಉದ್ದ ಕತ್ತು, ಐದು ತಂತಿ. ಆಫ್ರಿಕದಿಂದ ಗುಲಾಮರಾಗಿ ಬಂದವರು ತಮ್ಮ ನೆಲದ ವಾದ್ಯಗಳ ನೆನಪಿನಲ್ಲಿ ಮಾಡಿಕೊಂಡದ್ದು. ಆಪ್ರಿಯ ರಂಗದ ಮೇಲೆ ಮಾತ್ರ ಅದು ವಿದೂಷಕನ ವಾದ್ಯವಾಗಿತ್ತು. ಅಂಕಲ್ ಡೇವ್ ಮೇಕನ್ ಎಂಬ ಹಿರಿಯರು ಬ್ಯಾಂಜೋವನ್ನು ಗಿರಗಿರ ತಿರುಗಿಸಿ, ಚಟಾಕಿ ಹಾರಿಸಿ ಜನರನ್ನು ನಗಿಸುತ್ತಿದ್ದರು. ಮನ್ರೋ ತಂಡದಲ್ಲಿ ಬ್ಯಾಂಜೋ ಹಿಡಿದಿದ್ದ ಸ್ಟ್ರಿಂಗ್‌ಬೀನ್ ಕೂಡ ಹಾಸ್ಯಗಾರನೇ.

1945ರ ಡಿಸೆಂಬರ್‌ನಲ್ಲಿ ಉತ್ತರ ಕೆರೊಲಿನಾದಿಂದ ಅರ್ಲ್ ಸ್ಕ್ರಗ್ಸ್ ಮನ್ರೋ ತಂಡಕ್ಕೆ ಬಂದರು. ಇಪ್ಪತ್ತೊಂದು ವರ್ಷ, ಮಾತು ಕಮ್ಮಿ, ಬಟ್ಟೆಗಿರಣಿಯಲ್ಲಿ ದುಡಿದ ಹುಡುಗ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರಕ್ಕೂ ನಖ ತೊಟ್ಟು ಸರದಿಯಂತೆ ಮೀಟುತ್ತಿದ್ದರು. ಮೂರು ಬೆರಳ ಸುತ್ತು ನಾಲ್ಕರ ತಾಳದ ಮೇಲೆ ಹರಿಯುವಾಗ ಒತ್ತು ಪ್ರತಿ ಸಲವೂ ಬೇರೆ ಕಡೆ ಬೀಳುತ್ತದೆ. ಹೆಂಚಿನ ಮೇಲೆ ಬಿರುಮಳೆ ಸುರಿದಂಥ ಸದ್ದಿನ ನಡುವೆ ಹಾಡಿನ ಧಾಟಿ ತಲೆಯೆತ್ತುತ್ತದೆ. ಮೂರು ಬೆರಳಿನ ಕ್ರಮ ಅವರ ಸೀಮೆಯಲ್ಲಿ ಮೊದಲೇ ಇತ್ತು, ಈ ಓಟ ಇರಲಿಲ್ಲ. ಕೇಳಿದ ಮೇಕನ್ ಅವರು, ಹುಡುಗ ಬಾರಿಸೋದೇನೋ ಸರಿ, ನಗಿಸೋಕೆ ಮಾತ್ರ ಒಂಚೂರೂ ಬರಲ್ಲ ಎಂಬರ್ಥದಲ್ಲಿ ಗೊಣಗಿದರಂತೆ. ಕತೆ ನಿಜವೋ ಸುಳ್ಳೋ, ಬ್ಲೂಗ್ರಾಸ್ ಅಭಿಮಾನಿಗಳಿಗೆ ಬಾಯಿಪಾಠ.

ರಂಗದ ಮೇಲೆ ಬ್ಯಾಂಜೋ ಗಂಭೀರವಾಯಿತು; ನಗು ಕೇಳುಗರ ಪಾಲಿಗೆ ಹೋಯಿತು. ಒಬ್ಬ ಕಾರಿನ ಹಿಂದಿನ ಸೀಟಿನಲ್ಲಿ ಬ್ಯಾಂಜೋ ಇಟ್ಟು ಕಾಫಿಗೆ ಹೋದನಂತೆ. ಬಂದು ನೋಡಿದರೆ ಕಿಟಕಿಗಾಜು ಪುಡಿಪುಡಿ, ಒಳಗೆ ಎರಡು ಬ್ಯಾಂಜೋ! ಇದನ್ನು ಎಲ್ಲರಿಗಿಂತ ಹೆಚ್ಚು ಹೇಳಿಕೊಂಡು ತಿರುಗುವವರು ಬ್ಯಾಂಜೋ ವಾದಕರೇ. ಇನ್ನೊಂದು ಸ್ವಲ್ಪ ಚುರುಕಾದದ್ದು. ಬಲ್ಬು ಬದಲಿಸಲು ಎಷ್ಟು ಬ್ಲೂಗ್ರಾಸ್‌ನವರು ಬೇಕು? ಐವರು. ಒಬ್ಬ ಬದಲಿಸಲು, ಉಳಿದ ನಾಲ್ವರು ‘ಅಯ್ಯೋ, ಇದು ಕರೆಂಟಿನದು’ ಎಂದು ದೂರಲು.

ಕರೆಂಟಿನ ವಾದ್ಯವಾಗಲಿ, ಹೊಸ ನಡೆಯಾಗಲಿ ಬ್ಲೂಗ್ರಾಸ್ ಮಡಿವಂತರಿಗೆ ಆಗದು; ಈ ದೂರಿಗೆ ಇತಿಹಾಸವಿದೆ. 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಮನ್ರೋ ಅವರ ‘ಬ್ಲೂ ಮೂನ್ ಆಫ್ ಕೆಂಟಕಿ’ಯನ್ನು ನಡೆ ಬದಲಿಸಿ ಜೋರಾಗಿ ಹಾಡಿದ. ಸಂಪ್ರದಾಯದ ಪಿತಾಮಹರು ಕೆರಳಬೇಕಿತ್ತಲ್ಲವೆ? ಬದಲಿಗೆ ಮನ್ರೋ ಅದೇ ವರ್ಷ ತಮ್ಮ ಹಾಡನ್ನು ಮತ್ತೆ ಧ್ವನಿಮುದ್ರಿಸಿದರು. ಮೂರರ ನಡೆಯಲ್ಲಿ ಎತ್ತಿಕೊಂಡು ಅರ್ಧದಲ್ಲಿ ಎಲ್ವಿಸ್‌ನ ವೇಗಕ್ಕೆ ಜಿಗಿದರು! ಇನ್ನು 1970ರ ದಶಕದಲ್ಲಿ ಸ್ಯಾಮ್ ಬುಷ್ ಮತ್ತು ಗೆಳೆಯರ ‘ನ್ಯೂ ಗ್ರಾಸ್ ರಿವೈವಲ್’ ತಂಡ ಉದ್ದ ಕೂದಲು ಬಿಟ್ಟು, ಎಲೆಕ್ಟ್ರಿಕ್ ಬೇಸ್ ಹಿಡಿದು ಬಂದಾಗ ಮಡಿವಂತರು ಮುಖ ತಿರುಗಿಸಿದರು. 2020ರಲ್ಲಿ ಅದೇ ತಂಡಕ್ಕೆ ಬ್ಲೂಗ್ರಾಸ್ ಹಾಲ್ ಆಫ್ ಫೇಮ್‌ನಲ್ಲಿ ಸ್ಥಾನ ಸಿಕ್ಕಿತು.

ಈಗಿನವರಲ್ಲಿ 1992ರಲ್ಲಿ ಹುಟ್ಟಿದ ಬಿಲ್ಲಿ ಸ್ಟ್ರಿಂಗ್ಸ್ ಅವರನ್ನು ನೋಡಿ. ಕಾಲ ಬಳಿ ಎಲೆಕ್ಟ್ರಾನಿಕ್ ಪೆಡಲ್‌ಗಳ ಸಾಲು. ಒಂದೊಂದು ಹಾಡನ್ನು ರಾಕ್ ಕಛೇರಿಯಂತೆ ಬಹಳ ಹೊತ್ತು ಬೆಳೆಸುತ್ತಾರೆ. ಅದೇ ಮನುಷ್ಯ 2022ರಲ್ಲಿ, ತಮಗೆ ಗಿಟಾರ್ ಕಲಿಸಿದ ಮಲತಂದೆಯ ಜೊತೆ ಕೂತು ಹಳೆಯ ಹಾಡುಗಳದೇ ಆಲ್ಬಂ ಮಾಡಿದರು. ಮೋಲಿ ಟಟಲ್ 2017ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ವರ್ಷದ ಗಿಟಾರ್ ವಾದಕ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಬ್ಯಾಂಜೋದ ಹಳೆಯ ಕೈವರಸೆಯೊಂದನ್ನು ಗಿಟಾರಿಗೆ ತಂದು ನುಡಿಸುತ್ತಾರೆ. ನನ್ನ ಕಿವಿಗೆ ಪೆಡಲ್‌ಗಳಿಗಿಂತ ಇದೇ ಹೆಚ್ಚು ಧೈರ್ಯದ ಕೆಲಸ.

ಕೇಳುವ ಮನಸ್ಸಾದರೆ ಸ್ಕ್ರಗ್ಸ್ ಅವರ 1949ರ ‘ಫಾಗಿ ಮೌಂಟನ್ ಬ್ರೇಕ್‌ಡೌನ್’ನಿಂದ ಶುರುಮಾಡಿ, ಮೂರು ನಿಮಿಷವೂ ಇಲ್ಲ. ಬೆನ್ನಿಗೇ 2023ರ ‘ಆ್ಯಸ್ ವಿ ಸ್ಪೀಕ್’ ಆಲ್ಬಂ ಹಾಕಿ. ಅದರಲ್ಲಿ ಬೆಲಾ ಫ್ಲೆಕ್ ಅವರ ಬ್ಯಾಂಜೋ ಜೊತೆ ಎಡ್ಗರ್ ಮೇಯರ್ ಅವರ ಬೇಸ್ ಇದೆ, ರಾಕೇಶ್ ಚೌರಾಸಿಯಾ ಅವರ ಬಾನ್ಸುರಿ ಇದೆ, ತಬಲಾದಲ್ಲಿ ಜಾಕಿರ್ ಹುಸೇನ್ ಇದ್ದಾರೆ.