ಜಡೆ, ಹಗ್ಗ, ಕತೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, ‘ಮೇಡಂ, ನೀವು ಕನ್ನಡ ಶಿಕ್ಷಕಿಯಾಗಿ ನಿವೃತ್ತರಾದವರು, ಜಾನಪದದ ಬಗ್ಗೆ ಏನಾದರೂ ಮಾತನಾಡಿ’ ಎಂದರು. ಜಾನಪದ ಎಂದರೆ ಸಮುದ್ರ. ಅದನ್ನು ಹದಿನೈದು ನಿಮಿಷದಲ್ಲಿ ಹೇಳಲು ನನ್ನಿಂದಾಗದು. ಅದಕ್ಕೆ ನನ್ನ ಬೆನ್ನ ಮೇಲೆ ಇದ್ದದ್ದನ್ನೇ ಆರಿಸಿಕೊಂಡಿದ್ದೇನೆ. ಜಡೆ. ನಮ್ಮ ಕಡೆಯ ಮಾತಿನಲ್ಲಿ ಹೆರಳು.

ಈ ಶಾಲೆ ಶುರುವಾದ ಮೂರನೆಯ ವರ್ಷ ನಾನು ಎಂಟನೇ ತರಗತಿಗೆ ಸೇರಿದೆ. ಆಗ ಇಲ್ಲಿ ಈ ಕಾಂಪೌಂಡು ಇರಲಿಲ್ಲ, ಈ ರಂಗಮಂದಿರ ಇರಲಿಲ್ಲ. ಒಂದು ನಿಯಮ ಮಾತ್ರ ಇತ್ತು. ಹುಡುಗಿಯರು ಎರಡು ಜಡೆ ಹಾಕಿ, ಮಡಚಿ, ಟೇಪು ಕಟ್ಟಿಕೊಂಡು ಬರಬೇಕು. ಒಂದೇ ಜಡೆಯಾದರೆ ಪ್ರಾರ್ಥನೆಯಲ್ಲಿ ಹಿಂದಿನ ಸಾಲು. ಮನೆಯಲ್ಲಿ ನಾವು ಮೂವರು ಹೆಣ್ಣುಮಕ್ಕಳು, ಅಂದರೆ ಬೆಳಿಗ್ಗೆ ಆರು ಜಡೆ. ಅವ್ವನಿಗೆ ರೊಟ್ಟಿ ಬಡಿಯುವ ಕೆಲಸ. ಹೀಗಾಗಿ ಆರೂ ಜಡೆ ಆಯಿಯ ಪಾಲಿಗೆ ಬೀಳುತ್ತಿದ್ದವು. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಕಟ್ಟೆಯ ಮೇಲೆ ಕೂತು ನಮ್ಮನ್ನು ಒಬ್ಬೊಬ್ಬರನ್ನಾಗಿ ಮೊಣಕಾಲ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದಳು. ಎಣ್ಣೆ, ಬಾಚಣಿಗೆ, ಬೈತಲೆ. ಜೊತೆಗೆ ಕತೆ. ತಲೆ ಅಲ್ಲಾಡಿಸಿದರೆ ಕತೆ ನಿಲ್ಲುತ್ತಿತ್ತು. ನಾವು ತಲೆ ಅಲ್ಲಾಡಿಸದಿರಲಿ ಎಂದೇ ಕತೆ ಹೇಳುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಅವಳ ಕತೆಯಲ್ಲಿಯೂ ಯಾವಾಗಲೂ ಮೂರು ಎಳೆ ಇರುತ್ತಿದ್ದವು. ರಾಜನದೊಂದು, ಬಡವಿಯದೊಂದು, ಒಂದು ಹಕ್ಕಿಯದೋ ಹಾವಿನದೋ. ಒಂದನ್ನು ಹೇಳುತ್ತ ಹೇಳುತ್ತ ಬಿಟ್ಟು ಇನ್ನೊಂದನ್ನು ಹಿಡಿಯುವಳು. ಟೇಪಿನ ಗಂಟು ಬೀಳುವ ಹೊತ್ತಿಗೆ ಮೂರೂ ಒಂದೆಡೆ ಬರುತ್ತಿದ್ದವು. ಬರದಿದ್ದರೆ, ‘ಉಳದದ್ದು ನಾಳೆ, ಗಂಟಿ ಹೊಡೀತು ಓಡು’ ಎನ್ನುತ್ತಿದ್ದಳು.

ನಾವು ‘ಕತೆ ಹೆಣೆದ’ ಎನ್ನುತ್ತೇವೆ. ‘ಹೊಸೆದ’ ಎಂದೂ ಅನ್ನುತ್ತೇವೆ. ಆದರೆ ಹೊಸೆದ ಕವಿತೆ ಎಂದರೆ ಸ್ವಲ್ಪ ಹಗುರ, ಒತ್ತಾಯದಿಂದ ಬರೆದದ್ದು ಎಂಬ ಅರ್ಥ. ಹೆಣೆದದ್ದಕ್ಕೆ ಆ ಕೊಂಕಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತೋ, ಆದರೆ ಕೈಕೆಲಸದಲ್ಲಿ ಹೊಸೆಯುವುದೂ ಹೆಣೆಯುವುದೂ ಬೇರೆಯೇ. ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ನಮ್ಮ ಅಜ್ಜ.

ಈಗಿನ ಮಕ್ಕಳು ನೈಲಾನ್ ಹಗ್ಗ ನೋಡಿದ್ದಾರೆ, ಪುಂಡಿಯ ಹಗ್ಗ ನೋಡಿಲ್ಲ. ಪುಂಡಿ ಪಲ್ಯ ಎಲ್ಲರೂ ಉಂಡಿದ್ದೀರಿ. ಅದರ ಕಟ್ಟಿಗೆಯನ್ನು ಹೊರೆ ಕಟ್ಟಿ ಹಳ್ಳದ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತಿದ್ದರು. ಹತ್ತು ಹದಿನೈದು ದಿನಕ್ಕೆ ತೊಗಟೆ ಕೊಳೆತು ನಾರು ಬಿಡುತ್ತಿತ್ತು. ಆ ವಾಸನೆ ಹಳ್ಳದ ಆಚೆ ದಂಡೆಗೂ ಬರುತ್ತಿತ್ತು, ಹೇಳಬಾರದು. ನಾರು ಸುಲಿದು, ತೊಳೆದು, ಒಣಗಿಸಿ, ತೊಡೆಯ ಮೇಲೆ ಹೊಸೆದು ಹುರಿ ಮಾಡುವುದು. ಹುರಿಯನ್ನು ಒಂದು ದಿಕ್ಕಿಗೆ ತಿರುವಿದರೆ, ಮೂರು ಹುರಿ ಕೂಡಿಸಿ ಹಗ್ಗ ಮಾಡುವಾಗ ಎದುರು ದಿಕ್ಕಿಗೆ ತಿರುವಬೇಕು. ಒಂದು ಬಿಚ್ಚಿಕೊಳ್ಳಲು ನೋಡಿದರೆ ಇನ್ನೊಂದು ಬಿಗಿಯುತ್ತದೆ. ಅದೇ ಹಗ್ಗದ ಗುಟ್ಟು. ಪಂಚಮಿಯ ಜೋಕಾಲಿಗೆ, ಬಾವಿಗೆ, ಬಂಡಿಗೆ, ಎತ್ತಿನ ಕಣ್ಣಿಗೆ ಎಲ್ಲದಕ್ಕೂ ಇದೇ ಹೊಸೆದ ಹಗ್ಗ.

ಆದರೆ ಇಂಥ ಹಗ್ಗಕ್ಕೆ ಒಂದು ಚಟ ಇದೆ. ಭಾರ ಬಿದ್ದರೆ ತಾನೇ ತಿರುಗುತ್ತದೆ. ಬಾವಿಯಲ್ಲಿ ಕೊಡ ಗಿರಗಿರ ಸುತ್ತುವುದು ಅದಕ್ಕೇ. ಬಾರಕೋಲಿನ ತುದಿ ಹಾಗೆ ತಿರುಗಿದರೆ ನಡೆಯುವುದಿಲ್ಲ. ಆದ್ದರಿಂದ ಅದನ್ನು ಹೊಸೆಯುವುದಿಲ್ಲ, ತೊಗಲಿನ ಪಟ್ಟಿಗಳನ್ನು ಹೆಣೆಯುತ್ತಾರೆ. ಹೆಣೆದದ್ದರಲ್ಲಿ ಪ್ರತಿ ಎಳೆಯೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಯಾವ ಎಳೆಯೂ ಕೊನೆತನಕ ನಡುವೆ ಉಳಿಯುವುದಿಲ್ಲ. ಎಡಬಲದ ಎಳೆತ ಸರಿಸಮ ಇರುವುದರಿಂದ ಅದು ತಿರುಗುವುದಿಲ್ಲ. ನಿಮ್ಮ ಜಡೆ ಬೆನ್ನ ಮೇಲೆ ನೆಟ್ಟಗೆ ಇಳಿಯುವುದೂ ಇದೇ ಕಾರಣಕ್ಕೆ.

ನಾನು ಬಿ.ಎಡ್. ಓದಲು ಮೈಸೂರಿಗೆ ಹೋದಾಗ ಜಡೆಯ ಇನ್ನೊಂದು ವೈಭವ ಕಂಡೆ. ಬಾಡಿಗೆ ಮನೆಯ ಯಜಮಾನಿಯ ಗೋಡೆಯ ಮೇಲೆ ಅವರ ಮಗಳ ಫೋಟೋ ಇತ್ತು. ಹುಡುಗಿ ಒಬ್ಬಳೇ, ಆದರೆ ಹಿಂದೆ ಕನ್ನಡಿ ಇಟ್ಟು ತೆಗೆದದ್ದರಿಂದ ಬೆನ್ನೂ ಕಾಣುತ್ತಿತ್ತು, ಬೆನ್ನ ತುಂಬ ಮೊಗ್ಗಿನ ಜಡೆಯೂ ಕಾಣುತ್ತಿತ್ತು. ಬೇಸಗೆಯಲ್ಲಿ ಮಲ್ಲಿಗೆ ಮೊಗ್ಗು ಅರಳುವ ಮೊದಲೇ ಹೊಲಿದು, ಕುಚ್ಚು ಕಟ್ಟಿ, ಸಂಜೆಯೊಳಗೆ ಸ್ಟುಡಿಯೋ ಮುಟ್ಟಬೇಕು. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಇಂಥ ಫೋಟೋ ಇದೆ. ನನಗೆ ಹೊಟ್ಟೆಕಿಚ್ಚಾದದ್ದು ನಿಜ. ನಮ್ಮ ಮನೆಯಲ್ಲಿ ಸ್ಟುಡಿಯೋಕ್ಕೆ ಹೋದದ್ದು ಹಾಲ್‌ಟಿಕೆಟ್ಟಿನ ಫೋಟೋಕ್ಕೆ ಮಾತ್ರ, ಅದರಲ್ಲಿ ಜಡೆ ಬರುವುದಿಲ್ಲ.

ಬಡವರ ಮನೆಯಲ್ಲಿ ಕೂದಲಿಗೆ ಬೇರೆ ಲೆಕ್ಕ ಇತ್ತು. ಬಾಚಿದಾಗ ಉದುರಿದ್ದನ್ನು ಸುತ್ತಿ ಗೋಡೆಯ ಸಂದಿಯಲ್ಲಿ ತುರುಕಿ ಇಡುತ್ತಿದ್ದೆವು. ಕೂದಲಿನವನು ಬಂದಾಗ ಕೊಟ್ಟು ಪಿನ್ನು, ಬಲೂನು, ಸ್ವಲ್ಪ ಹೆಚ್ಚಿದ್ದರೆ ಸಣ್ಣದೊಂದು ಬೋಗುಣಿ ತೆಗೆದುಕೊಳ್ಳುತ್ತಿದ್ದೆವು. ಇಂಥ ಕೂದಲನ್ನು ಬಿಡಿಸಿ, ತೊಳೆದು, ಅಳತೆಯ ಪ್ರಕಾರ ಕಟ್ಟುವ ಉದ್ಯೋಗಕ್ಕೆ ಕೊಪ್ಪಳದ ಪಕ್ಕದ ಭಾಗ್ಯನಗರ ಹೆಸರಾಗಿದೆ. ಅಲ್ಲಿಂದ ಅದು ವಿದೇಶಕ್ಕೂ ಹೋಗುತ್ತದೆ. ನಮ್ಮ ಆಯಿಯ ಬಿಳಿಗೂದಲು ಯಾವ ದೇಶದ ಯಾರ ತಲೆಯ ಮೇಲೆ ಕೂತಿದೆಯೋ.

ಕತೆಯಲ್ಲಿ ಬರುವ ಮುಡಿಗಳಲ್ಲಿ ದೊಡ್ಡದು ದ್ರೌಪದಿಯದು. ಸಂಸ್ಕೃತದಲ್ಲಿ ಭಟ್ಟನಾರಾಯಣ ಬರೆದ ನಾಟಕದ ಹೆಸರೇ ‘ವೇಣೀಸಂಹಾರ’. ವೇಣಿ ಎಂದರೆ ಜಡೆ, ಅದನ್ನು ಕಟ್ಟುವುದೇ ನಾಟಕದ ವಸ್ತು. ನಮ್ಮ ಪಂಪ ಹತ್ತನೆಯ ಶತಮಾನದಲ್ಲಿ ‘ವಿಕ್ರಮಾರ್ಜುನ ವಿಜಯ’ದಲ್ಲಿ ಭೀಮನ ಕೈಯಿಂದಲೇ ಆ ಮುಡಿಯನ್ನು ಕಟ್ಟಿಸಿದ. ನಾನು ಈ ಭಾಗವನ್ನು ಪಾಠ ಮಾಡುವಾಗ ಪ್ರತಿಜ್ಞೆ, ರೌದ್ರ, ವೀರ ಎಂದೆಲ್ಲ ಹೇಳುತ್ತಿದ್ದೆ. ಗದೆ ಹಿಡಿಯುವ ಕೈಗೆ ಕೂದಲು ಕಟ್ಟಲು ಹೇಗೆ ಬಂತು ಎಂದು ಒಬ್ಬ ಹುಡುಗಿ ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು ಮುಂದೆ ಹೋದೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬೇರೆ ಕಡೆ, ನನ್ನದೇ ತಪ್ಪಿನಿಂದ.

ಅದನ್ನು ಇಲ್ಲಿ ಹೇಳಬೇಕೋ ಬೇಡವೋ ಎಂದು ನಿನ್ನೆ ರಾತ್ರಿ ಬಹಳ ಯೋಚಿಸಿದೆ. ಹೇಳುತ್ತೇನೆ.

ನಾನು ಆಗ ಬೇರೊಂದು ಜಿಲ್ಲೆಯ ಶಾಲೆಯಲ್ಲಿದ್ದೆ. ಇಲ್ಲಿ ಕಲಿತ ಶಿಸ್ತನ್ನು ಅಲ್ಲಿ ಜೋರಾಗಿ ನಡೆಸುತ್ತಿದ್ದೆ. ಒಂಬತ್ತನೇ ತರಗತಿಯ ಒಬ್ಬಳು ಮೂರು ದಿನ ಒಂದೇ ಜಡೆಯಲ್ಲಿ ಬಂದಳು, ಟೇಪು ಇಲ್ಲ. ಮೂರು ದಿನವೂ ಮೊದಲ ಪೀರಿಯಡ್ಡು ಹೊರಗೆ ನಿಲ್ಲಿಸಿದೆ. ಯಾಕೆ ಎಂದು ಕೇಳಲಿಲ್ಲ. ನಾಲ್ಕನೆಯ ದಿನ ಅವಳು ಬರಲಿಲ್ಲ. ಐದನೆಯ ದಿನವೂ ಇಲ್ಲ. ಸಂಜೆ ಮನೆ ಹುಡುಕಿಕೊಂಡು ಹೋದೆ. ಅಪ್ಪ ಅವ್ವ ಇಬ್ಬರೂ ಗುಳೆ ಹೋಗಿದ್ದರು. ಮನೆಯಲ್ಲಿ ಅವಳು, ತಮ್ಮ, ಅಜ್ಜ. ಅಜ್ಜ ಬಾರಕೋಲು ಹೆಣೆಯುವವನು. ಅವಳನ್ನು ಮುಂದೆ ಕೂಡಿಸಿಕೊಂಡು ಕೂದಲನ್ನು ನಾಲ್ಕು ಪಾಲು ಮಾಡಿ, ತೊಗಲ ಪಟ್ಟಿ ಹೆಣೆದ ಹಾಗೆಯೇ ಬಿಗಿಯಾಗಿ ಹೆಣೆಯುತ್ತಿದ್ದ. ಅಷ್ಟು ಅಚ್ಚುಕಟ್ಟಾದ ಜಡೆಯನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ನನ್ನನ್ನು ನೋಡಿ ಎದ್ದು ನಿಂತ. ‘ಬಿಚ್ಚಂಗಿಲ್ರಿ ಅಕ್ಕೋರ, ಎಷ್ಟ ಜಗ್ಗಿದ್ರೂ ಬಿಚ್ಚಂಗಿಲ್ಲ’ ಎಂದ. ಜಡೆ ಸಡಿಲಾಗಿ ಬಿಚ್ಚಿಹೋಗುತ್ತದೆ ಎಂದೇ ಮೊಮ್ಮಗಳನ್ನು ಹೊರಗೆ ನಿಲ್ಲಿಸಿದ್ದಾರೆ ಎಂದುಕೊಂಡಿದ್ದ ಅವನು. ಎರಡು ಹಾಕಬೇಕು ಎಂದು ನಾನು ಹೇಳಿದಾಗ, ‘ಎರಡಂದ್ರ ಎರಡ ಹಾಕ್ತೇನ್ರಿ. ಈ ಹುಡುಗಿ ಬಾಯಿ ಬಿಟ್ಟು ಹೇಳ್ಲೇ ಇಲ್ಲ’ ಎಂದು ಅವಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅಜ್ಜನ ಕೆಲಸಕ್ಕೆ ಹೆಸರಿಡಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ತನ್ನ ಬೆನ್ನ ಹಿಂದಿನ ಜಡೆಯನ್ನು ತಾನೇ ಹಾಕಿಕೊಳ್ಳಲು ಬರುವ ವಯಸ್ಸು ಬರುವತನಕ, ಜಡೆ ಎಂದರೆ ಮನೆಯಲ್ಲಿ ಇನ್ನೊಂದು ಜೊತೆ ಕೈ ಇದೆ ಎಂದು ಅರ್ಥ. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಇಷ್ಟು ಹೊಳೆದಿರಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ನಾಲ್ಕು ಬಾಚಣಿಗೆ, ಒಂದು ಸುತ್ತು ಕೆಂಪು ಟೇಪು, ಒಂದು ಸೀಸೆ ಕೊಬ್ಬರಿ ಎಣ್ಣೆ ತಂದಿಟ್ಟೆ. ಪ್ರಾರ್ಥನೆಗೆ ಮೊದಲು ವರಾಂಡದಲ್ಲಿ ಹುಡುಗಿಯರೇ ಒಬ್ಬರಿಗೊಬ್ಬರು ಹಾಕತೊಡಗಿದರು. ಅವಳು ನಾಲ್ಕೆಳೆಯ ಹೆಣಿಗೆಯನ್ನು ಉಳಿದವರಿಗೂ ಕಲಿಸಿದಳು. ಹತ್ತನೇ ತರಗತಿ ಪಾಸಾದಳು. ‘ಎರಡು ಜಡೆ ಒಂದು ಕಡೆ ಕೂಡುವುದಿಲ್ಲ’ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಆ ವರಾಂಡವನ್ನು ನೋಡಿರಲಿಲ್ಲ.

ಆ ಗಾದೆಯ ಮಾತು ಬಂದದ್ದರಿಂದ ಈ ಅಂಗಳದ ಜಡೆ ಕೋಲಾಟವನ್ನು ಹೇಳಲೇಬೇಕು. ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಸರ್ ಅದನ್ನು ಕಲಿಸಿದರು. ಬೇವಿನ ಟೊಂಗೆಗೆ ಎಂಟು ಬಣ್ಣದ ಹಗ್ಗ ಇಳಿಬಿಟ್ಟಿದ್ದರು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು. ನಾಲ್ವರು ಬಲಸುತ್ತು, ನಾಲ್ವರು ಎಡಸುತ್ತು. ಎದುರಾದವಳ ಕೋಲಿಗೆ ಕೋಲು ಹೊಡೆದು, ಒಬ್ಬಳ ಹೊರಗಿಂದ, ಮುಂದಿನವಳ ಒಳಗಿಂದ ಹಾಯಬೇಕು. ಹಾಡು ಮುಗಿಯುವಾಗ ಮೇಲಿನಿಂದ ದಪ್ಪನೆಯ ಜಡೆ ಇಳಿದಿರುತ್ತದೆ. ಆಮೇಲೆ ಹೆಜ್ಜೆ ಹಿಂದಕ್ಕೆ ಹಾಕುತ್ತ ಅದನ್ನು ಬಿಚ್ಚಬೇಕು. ಹೆಣೆಯುವುದಕ್ಕಿಂತ ಬಿಚ್ಚುವುದೇ ಕಷ್ಟ. ಆ ವರ್ಷದ ವಾರ್ಷಿಕೋತ್ಸವದಲ್ಲಿ ಬಿಚ್ಚುವಾಗ ನಾನು ಒಳಗೆ ಹೋಗುವ ಕಡೆ ಹೊರಗೆ ಹೋದೆ. ಎಂಟೂ ಹಗ್ಗ ಸಿಕ್ಕಾದವು. ಇಡೀ ಊರು ನೋಡುತ್ತಿತ್ತು. ಸರ್ ಬೈಯಲಿಲ್ಲ. ತಾಳ ನಿಲ್ಲಿಸಿ, ‘ಎಲ್ಲರೂ ಮೂರು ಹೆಜ್ಜೆ ವಾಪಸ್’ ಎಂದರು. ತಪ್ಪು ಮಾಡಿದವಳು ನಾನೊಬ್ಬಳು, ವಾಪಸ್ ಬಂದವರು ಎಂಟೂ ಜನ.

ಆ ಎಂಟು ಜನರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂತವರು ಮೂವರು. ಉಳಿದ ಐವರಲ್ಲಿ ನಾಲ್ವರಿಗೆ ಒಂಬತ್ತನೇ ತರಗತಿಯೊಳಗೆ ಮದುವೆಯಾಯಿತು. ಒಬ್ಬಳನ್ನು ತಮ್ಮನನ್ನು ಆಡಿಸಲು ಬಿಡಿಸಿದರು. ನಿನ್ನೆ ಸಮಿತಿಯವರು ಸಂಚಿಕೆಗಾಗಿ ಸಿದ್ಧ ಮಾಡಿದ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ನನಗೆ ತೋರಿಸಿದರು. ಬಹಳ ಶ್ರಮಪಟ್ಟಿದ್ದಾರೆ, ವರ್ಷವಾರು ಇದೆ. ನಮ್ಮ ವರ್ಷದಲ್ಲಿ ನನ್ನ ಹೆಸರಿದೆ, ಆ ಇಬ್ಬರ ಹೆಸರಿದೆ. ಐವರ ಹೆಸರಿಲ್ಲ. ಪಾಸಾದವರ ರಿಜಿಸ್ಟರಿನಿಂದ ಪಟ್ಟಿ ಮಾಡಿದ್ದರಿಂದ ಹಾಗಾಗಿದೆ. ಯಾರ ತಪ್ಪೂ ಅಲ್ಲ. ಆದರೆ ದಾಖಲಾತಿ ರಿಜಿಸ್ಟರು ಎಂಬುದೊಂದು ಇರುತ್ತದೆ. ಶಾಲೆಗೆ ಸೇರಿದ ದಿನ ಅದರಲ್ಲಿ ಎಲ್ಲರ ಹೆಸರೂ ಬರೆದಿರುತ್ತಾರೆ. ಅದನ್ನು ತೆಗೆದು ನೋಡಿ ಎಂದು ಅಧ್ಯಕ್ಷರನ್ನು ಕೇಳಿಕೊಂಡೆ. ಐವತ್ತು ವರ್ಷದ ಕೆಲಸ, ಅಚ್ಚಿಗೆ ಹೋಗಲು ಹದಿನೈದು ದಿನ ಉಳಿದಿದೆ ಎಂದರು. ನಾನು ನಿವೃತ್ತಳು, ಬಂದು ಕೂತು ಬರೆದುಕೊಡುತ್ತೇನೆ ಎಂದಿದ್ದೇನೆ. ಒಪ್ಪಿದ್ದಾರೆ. ಈಗಿನ ಹತ್ತನೇ ತರಗತಿಯ ನಾಲ್ವರು ಹುಡುಗಿಯರು ಸಹಾಯಕ್ಕೆ ಬರುತ್ತೇವೆ ಎಂದಿದ್ದಾರೆ.

ಕೋಲಾಟದ ಐವರಲ್ಲಿ ನಾಲ್ವರ ಹೆಸರು, ಈಗಿನ ಊರು ಎಲ್ಲ ಬರೆದು ಅಧ್ಯಕ್ಷರ ಕೈಗೆ ಕೊಟ್ಟಾಗಿದೆ. ಅವರಲ್ಲಿ ಇಬ್ಬರು ಇಲ್ಲೇ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದಾರೆ, ನನ್ನನ್ನು ನೋಡಿ ನಗುತ್ತಿದ್ದಾರೆ. ಐದನೆಯವಳು ಹಸಿರು ಹಗ್ಗ ಹಿಡಿಯುತ್ತಿದ್ದವಳು, ತಮ್ಮನನ್ನು ಆಡಿಸಲು ಬಿಟ್ಟವಳು. ಮನೆ ಕೆರೆಯ ದಾರಿಯಲ್ಲಿತ್ತು. ಅವಳನ್ನು ನಾವೆಲ್ಲ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದೆವು, ನಿಜವಾದ ಹೆಸರು ನನಗೆ ನೆನಪಾಗುತ್ತಿಲ್ಲ. ಗೊತ್ತಿದ್ದವರು ಊಟಕ್ಕೆ ಏಳುವ ಮೊದಲು ಬಂದು ನನಗೆ ಹೇಳಿ. ಪೆನ್ನು ಕೈಯಲ್ಲೇ ಇದೆ.