ಮಗಳಿಗೂ ಇರಲಿ ಕೃಷಿ ವಿಜ್ಞಾನದ ಪದವಿ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹತ್ತಿ ಬೀಜೋತ್ಪಾದನೆಯಲ್ಲಿ ಪಳಗಿದವರು ಇಲ್ಲಿ ಅನೇಕರಿದ್ದೀರಿ. ಆದ್ದರಿಂದ ನಿಮ್ಮ ಹೊಲದಿಂದಲೇ ಮಾತು ಪ್ರಾರಂಭಿಸುತ್ತೇನೆ.

ಹಾವೇರಿ, ರಾಣೇಬೆನ್ನೂರು ಕಡೆಯ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಮಾಡುವವರು ಹೆಚ್ಚಾಗಿ ಹೆಂಗಸರು. ಮರುದಿನ ಅರಳಲಿರುವ ಮೊಗ್ಗನ್ನು ಸಾಯಂಕಾಲವೇ ಗುರುತಿಸಿ, ಗಂಡು ಕೇಸರಗಳನ್ನು ಬಿಡಿಸಿ ತೆಗೆಯುತ್ತಾರೆ. ಬೆಳಿಗ್ಗೆ ಗಂಡು ತಳಿಯ ಪರಾಗವನ್ನು ಆ ಹೂವಿನ ಹೆಣ್ಣು ಭಾಗದ ತುದಿಗೆ ಸವರುತ್ತಾರೆ. ಕೇಸರ ಉಳಿದರೆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟೀತು. ಅದು ಸಂಕರ ಬೀಜವಾಗದು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಭಿನ್ನ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ತಳಿಯನ್ನು ಕೊಟ್ಟರು. ಇಂಥ ತಳಿಯ ಬೀಜ ರೈತನ ಕೈ ಸೇರುವುದು ಈ ಹೆಣ್ಣುಮಕ್ಕಳ ಬೆರಳುಗಳಿಂದ.

ಹೇಗೆ ಮಾಡಬೇಕೆಂಬುದನ್ನು ಅವರು ಬಲ್ಲರು. ಏಕೆ ಹಾಗೆ ಮಾಡಬೇಕು, ಯಾವ ತಳಿಗೆ ಯಾವುದನ್ನು ಕೂಡಿಸಬೇಕು ಎಂಬುದನ್ನು ಕಲಿಯಲು ಕಾಲೇಜು ಬೇಕು. ಆದರೆ ಕ್ರಾಸಿಂಗ್ ಕೆಲಸಕ್ಕಾಗಿಯೇ ಎಷ್ಟೋ ಬಾಲಕಿಯರ ಶಾಲೆ ತಪ್ಪಿದ್ದುಂಟು. ಇದು ನಮಗೆ ಶೋಭೆಯಲ್ಲ.

ಹೆಣ್ಣುಮಕ್ಕಳಿಗೆ ಇದು ಸಾಧ್ಯವೇ ಎಂದು ಸಂಶಯಪಡಬೇಡಿ. 1897ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್, 1931ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಕೇಂದ್ರದಲ್ಲಿ ಕಬ್ಬನ್ನು ಅದರ ಬಂಧುಗಳಾದ ಹುಲ್ಲುಗಳೊಡನೆ ಸಂಕರಿಸಿ ವರ್ಣತಂತುಗಳನ್ನು ಪರೀಕ್ಷಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅಂದು ಅವರು ಮಾಡಿದ್ದೂ ಹೂವಿಗೆ ಹೂವು ಕೂಡಿಸುವ ಕೆಲಸವನ್ನೇ.

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿಯೇ ನಿರ್ಧಾರ ಮಾಡಬೇಕು. ಪಿಯುಸಿಯಲ್ಲಿ ವಿಜ್ಞಾನ ಬಿಟ್ಟರೆ ಕೃಷಿ ಪದವಿಯ ಬಾಗಿಲು ಮುಚ್ಚಿದಂತೆಯೇ ಸರಿ. ಬಿ.ಎಸ್ಸಿ. ಕೃಷಿಗೆ ಜೀವಶಾಸ್ತ್ರ ಅಗತ್ಯ. ಕೃಷಿ ಇಂಜಿನಿಯರಿಂಗಿಗೆ ಗಣಿತ ಅಗತ್ಯ. ಭೌತ, ರಸಾಯನಶಾಸ್ತ್ರಗಳ ಜೊತೆಗೆ ಇವೆರಡನ್ನೂ ತೆಗೆದುಕೊಂಡರೆ ಎರಡು ದಾರಿಗಳೂ ತೆರೆದಿರುತ್ತವೆ. ಪ್ರವೇಶಕ್ಕೆ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆ ಪ್ರತ್ಯೇಕ ಮೀಸಲು ಸೀಟುಗಳಿವೆ. ಅವಕ್ಕೆ ಬೇಸಾಯದ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹೊಲದಲ್ಲಿ ಬೆಳೆದ ಹುಡುಗಿ ಆ ಪರೀಕ್ಷೆಗೆ ಅಂಜಬೇಕಿಲ್ಲ. ಬೇಕಾದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ.

"ಅಷ್ಟು ದೂರ ಹೇಗೆ ಕಳಿಸುವುದು?" ಎಂದು ತಾಯಂದಿರು ಕೇಳುತ್ತೀರಿ. ವಿಶ್ವವಿದ್ಯಾನಿಲಯದಲ್ಲಿ ಹೆಣ್ಣುಮಕ್ಕಳ ವಸತಿ ನಿಲಯವಿದೆ. ಕೃಷಿ ಮೇಳಕ್ಕೆ ಬಂದಾಗ ಮಗಳನ್ನೂ ಕರೆತಂದು ಅದನ್ನು ಕಣ್ಣಾರೆ ನೋಡಿ. "ಮದುವೆಯಾದ ಮೇಲೆ ಈ ಓದು ಏತಕ್ಕೆ?" ಎನ್ನುವವರೂ ಇದ್ದಾರೆ. ಪದವಿ ಪಡೆದವರಿಗೆಲ್ಲ ಸರ್ಕಾರಿ ನೌಕರಿ ಸಿಕ್ಕೀತೆಂದು ನಾನು ಹೇಳಲಾರೆ. ಆದರೆ ಮಣ್ಣು ಪರೀಕ್ಷೆಯ ವರದಿ ಓದಬಲ್ಲ, ಕೀಟ ಗುರುತಿಸಿ ಔಷಧದ ಪ್ರಮಾಣ ಹೇಳಬಲ್ಲ ಹೆಣ್ಣುಮಗಳು ಯಾವ ಮನೆ ಸೇರಿದರೂ ಆ ಮನೆಯ ಬೇಸಾಯಕ್ಕೆ ಲಾಭವೇ.

ಈ ವರ್ಷ ಕ್ರಾಸಿಂಗ್ ಬಂದಾಗ ಮಗಳ ಕೈಯಿಂದ ಪುಸ್ತಕ ಬಿಡಿಸಬೇಡಿ. ಇದೊಂದೇ ನನ್ನ ಬಿನ್ನಹ.